ದಿಷ್ಟಿ ತಟ್ಟೆ

ಸಾಸಿವೆ ಸಿಡಿಯುವ ಸದ್ದು ಕೇಳಿದರೆ ಬೇರೆಯವರಿಗೆ ಹಸಿವಾಗುತ್ತದೆ, ನನಗೆ ಎದೆ ಧಸಕ್ಕೆನ್ನುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಮನೆಯವರು ಇದನ್ನು ನೋಡಿ ನಕ್ಕಿದ್ದುಂಟು. ಅತ್ತೆ ಒಗ್ಗರಣೆ ಸೌಟು ಒಲೆಯ ಮೇಲಿಟ್ಟರೆ ಸಾಕು, ನಾನು ಓಡಿಹೋಗಿ ನಡುಮನೆಯ ಬಾಗಿಲು ಮುಚ್ಚಿ ಬರುತ್ತಿದ್ದೆ. ಆ ಬಾಗಿಲ ಹಿಂದೆ ರೇಷ್ಮೆಹುಳು ಇಲ್ಲವೆಂದು ನನಗೆ ಗೊತ್ತಿತ್ತು, ನನ್ನ ಕೈಕಾಲಿಗೆ ಗೊತ್ತಿರಲಿಲ್ಲ. ಈಗಲೂ ಒಳ್ಳೆಯ ಬಟ್ಟೆ ಮುಟ್ಟುವ ಮುಂಚೆ ಒಮ್ಮೆ ಅಂಗೈ ಮೂಸಿ ನೋಡಿಕೊಳ್ಳುತ್ತೇನೆ. ಯಾರಾದರೂ ಮೊಮ್ಮಗುವನ್ನು ಎತ್ತಿಕೊಂಡು ಎಷ್ಟು ಮುದ್ದಾಗಿದೆ ಎಂದರೆ ಮಗುವನ್ನು ಈಸಿಕೊಂಡು ಒಳಗೆ ಹೋಗಿಬಿಡುತ್ತೇನೆ. ಇದೆಲ್ಲ ನಾನು ಹುಟ್ಟಿ ಬೆಳೆದ ಮನೆ ಕೊಟ್ಟ ಬಳುವಳಿ. ಚಿನ್ನ ಬೆಳ್ಳಿ ಕೊಟ್ಟಿದ್ದರೆ ಯಾವತ್ತೋ ಕರಗಿಹೋಗಿರುತ್ತಿತ್ತು, ಇದು ಮಾತ್ರ ಹಾಗೇ ಉಳಿದಿದೆ.

ಕೋಲಾರ ಕಡೆಯ ಹುತ್ತೂರಿಗೆ ಹತ್ತಿರದ ಹಳ್ಳಿಯಲ್ಲಿ ನಮ್ಮ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಹಿಂದೆ ಅಡುಗೆಮನೆ, ನಡುಮನೆಯ ಎಡಕ್ಕೆ ರೇಷ್ಮೆಯ ಮರಿಹುಳು ಸಾಕುವ ಚಾಕಿ ಕೋಣೆ. ಮನೆಯಲ್ಲಿ ಸೋರದೆ ಇದ್ದದ್ದು ಅದೊಂದೇ ಕೋಣೆ, ಅದರಲ್ಲಿ ಮಲಗುವ ಭಾಗ್ಯ ಮನುಷ್ಯರಿಗಿರಲಿಲ್ಲ. ಮಳೆ ಬಂದರೆ ನಾವು ನಡುಮನೆಯಲ್ಲಿ ಚಾಪೆ ಎಳೆದಾಡುತ್ತಿದ್ದೆವು, ಹುಳುಗಳು ಬೆಚ್ಚಗಿರುತ್ತಿದ್ದವು. ರೇಷ್ಮೆ ಮೊಟ್ಟೆ ಒಡೆದು ಬಂದ ಮರಿಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರ ಕೈಗೆ ಒಪ್ಪಿಸುವುದು ನಮ್ಮ ಕಸುಬು. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ನಿಲ್ಲುವ ಹೊತ್ತು. ಅಷ್ಟು ದಿನ ಬದುಕಿಸಿಕೊಟ್ಟರೆ ಆಮೇಲೆ ಹಿಪ್ಪುನೇರಳೆ ಸೊಪ್ಪು ಹಾಕಿದವರೆಲ್ಲ ಗೂಡು ಬಿಡಿಸಿಕೊಳ್ಳಬಹುದು. ಅದಕ್ಕೆ ಮೊದಲು ಮಾತ್ರ ಅವು ಯಾವ ನೆಪಕ್ಕೆ ಬೇಕಾದರೂ ಸಾಯುತ್ತಿದ್ದವು. ಬಿಸಿಲು ಹೆಚ್ಚಾದರೆ, ಥಂಡಿ ಹೆಚ್ಚಾದರೆ, ಸೊಪ್ಪು ಬಾಡಿದರೆ, ಬೀಡಿ ಸೇದಿದ ಕೈ ತಾಕಿದರೆ. ಸುತ್ತಲಿನ ರೈತರು ಮೊಟ್ಟೆ ಹಾಳೆಗಳನ್ನು ತಂದು ಅಜ್ಜಿಯ ಮಡಿಲಿಗೆ ಹಾಕಿ, ಎರಡನೇ ಜ್ವರಕ್ಕೆ ಬಂದು ಒದ್ದೆ ಬಟ್ಟೆ ಸುತ್ತಿದ ತಟ್ಟೆಗಳನ್ನು ಹೊತ್ತುಕೊಂಡು ಹೋಗುತ್ತಿದ್ದರು. ನಮ್ಮದೆನ್ನುವ ಜಮೀನು ಕುಡಿಸೊಪ್ಪಿಗಷ್ಟೇ ಸಾಕಾಗುತ್ತಿತ್ತು. ಆ ಕೋಣೆ ನಡೆದರೆ ಮನೆ ನಡೆಯಿತು, ಇಲ್ಲವಾದರೆ ಅಪ್ಪ ಅಮ್ಮ ಮಾಲೂರಿನ ಹೆಂಚಿನ ಕಾರ್ಖಾನೆಗೆ ಕೂಲಿಗೆ ಹೋಗಬೇಕು. ಈ ಮಾತನ್ನು ಮನೆಯಲ್ಲಿ ಯಾರೂ ಜೋರಾಗಿ ಆಡುತ್ತಿರಲಿಲ್ಲ, ಆದರೆ ಎಲ್ಲರ ತಲೆಯಲ್ಲೂ ಇರುತ್ತಿತ್ತು.

ಕೋಣೆಯ ಯಜಮಾನಿಕೆ ಅಜ್ಜಿಯದು. ಅಪ್ಪನ ತಾಯಿ, ಮುಳಬಾಗಿಲಿನ ತಾಯಲೂರು ಕಡೆಯಿಂದ ಬಂದವಳು. ಸಿಟ್ಟು ಬಂದರೆ ಕನ್ನಡ, ಹೆದರಿಕೆಯಾದರೆ ತೆಲುಗು. ತೆಲುಗು ಕೇಳಿಸಿತೆಂದರೆ ನಾವೆಲ್ಲ ಇದ್ದಲ್ಲೇ ನಿಂತುಬಿಡುತ್ತಿದ್ದೆವು. ಹೊಸಿಲಿಗೆ ಸುಣ್ಣದ ಪುಡಿ, ಬಾಗಿಲಿಗೆ ಒದ್ದೆ ಗೋಣಿತಾಟು, ಪಕ್ಕದಲ್ಲಿ ಕೈಕಾಲು ತೊಳೆಯಲು ಕಲ್ಲುಬಾನಿ. ಒಳಗೆ ಹೋಗುವುದು ಅಜ್ಜಿ ಮತ್ತು ಅಮ್ಮ ಇಬ್ಬರೇ. ಮೊಟ್ಟೆ ಒಡೆದ ದಿನದಿಂದ ತಟ್ಟೆಗಳು ಮನೆ ಬಿಡುವವರೆಗೆ ಒಗ್ಗರಣೆ ಇಲ್ಲ, ಹುರಿಯುವುದು ಕರಿಯುವುದು ಇಲ್ಲ, ತಲೆಗೆ ಎಣ್ಣೆ ಇಲ್ಲ, ಹೂವು ಮುಡಿಯುವಂತಿಲ್ಲ, ಊದುಬತ್ತಿಯನ್ನು ದೇವರಿಗೂ ಹಚ್ಚುವಂತಿಲ್ಲ. ಮುದ್ದೆ, ಉಪ್ಸಾರು, ಮತ್ತೆ ಮುದ್ದೆ, ಮತ್ತೆ ಉಪ್ಸಾರು. ಶಾಲೆಯಲ್ಲಿ ನನ್ನ ಕೆದರಿದ ಕೂದಲು ನೋಡಿ ಹುಡುಗಿಯರು ಮನೇಲಿ ಯಾರಾದರೂ ತೀರಿಕೊಂಡರಾ ಎಂದು ಕೇಳುತ್ತಿದ್ದರು. ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಹುರಿಯುವ ಘಾಟು ಬಂದರೆ ಅಜ್ಜಿ ಎದ್ದುಹೋಗಿ ಅವರ ಹಿತ್ತಲಲ್ಲಿ ಸುಮ್ಮನೆ ನಿಂತುಕೊಳ್ಳುತ್ತಿದ್ದಳು. ಅವರೇ ಬಾಂಡ್ಲಿ ಇಳಿಸುತ್ತಿದ್ದರು.

ಇದೆಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು. ಹುಳುವನ್ನು ಹೊಗಳಬಾರದು. ಎಷ್ಟು ತಟ್ಟೆ ಇದೆ ಎಂದು ಹೇಳಬಾರದು, ಚೆನ್ನಾಗಿ ಮೇಯುತ್ತಿವೆ ಎನ್ನಬಾರದು. ಕೊಂಡುಹೋಗುವವರು ಬಂದು ಹುಳು ಹೇಗಿದೆ ಎಂದು ಕೇಳಿದರೆ ಅಜ್ಜಿಯ ಉತ್ತರ ಒಂದೇ.

“ಏನೋಪ್ಪ, ಜೀವ ಹಿಡ್ಕೊಂಡವೆ.”

ಅಷ್ಟು ಕೇಳಿದರೆ ಹಳೆಯ ರೈತರ ಮುಖ ಅರಳುತ್ತಿತ್ತು. ಹುಳುವಿನ ಬೆಳೆ ನಿಜಕ್ಕೂ ಕೆಟ್ಟಾಗ ಅಜ್ಜಿ ಮುಚ್ಚುಮರೆ ಇಲ್ಲದೆ, ಹೋಗಿ ಬೇರೆ ಮೊಟ್ಟೆ ತಂದುಕೊಳ್ಳಿ ಎನ್ನುವವಳು. ಅವಳ ಬಾಯಲ್ಲಿ ಜೀವ ಹಿಡಿದುಕೊಂಡಿವೆ ಎನ್ನುವುದಕ್ಕಿಂತ ಮೇಲಿನ ಮಾತಿರಲಿಲ್ಲ. ಪ್ರತಿ ಅಮಾವಾಸ್ಯೆಗೂ ಒಂದು ಹಿಡಿ ಉಪ್ಪು ತಗೊಂಡು ಕೋಣೆಯ ಬಾಗಿಲಿಗೆ ನಿವಾಳಿಸಿ ಬಾವಿಕಟ್ಟೆಯ ಹತ್ತಿರ ನೀರಿಗೆ ಹಾಕುತ್ತಿದ್ದಳು. ಬೇರೆ ಮನೆಗಳಲ್ಲಿ ದಿಷ್ಟಿಗೆ ಮೆಣಸಿನಕಾಯಿ ಸುಡುತ್ತಾರೆ, ನಮ್ಮಲ್ಲಿ ಹೊಗೆ ಎನ್ನುವುದೇ ಕೂಡದು, ಹಾಗಾಗಿ ಉಪ್ಪಿನಲ್ಲೇ ಮುಗಿಯಬೇಕು. ಓರಗೆಯ ಮಕ್ಕಳಿಗೆಲ್ಲ ಅವರವರ ಅಜ್ಜಿಯರು ದಿಷ್ಟಿ ತೆಗೆಯುತ್ತಿದ್ದರು. ಜಾತ್ರೆಗೆ ಹೋಗಿ ಬಂದರೆ, ಹೊಸ ಲಂಗ ಹಾಕಿಕೊಂಡರೆ, ಜ್ವರ ಬಿಟ್ಟರೆ. ನಮ್ಮಜ್ಜಿ ನನಗೆ ಒಮ್ಮೆಯೂ ತೆಗೆದಿರಲಿಲ್ಲ. ನಾನೊಮ್ಮೆ ಅಮ್ಮನ ಹತ್ತಿರ ದೂರು ಹೇಳಿದೆ.

“ಹುಳಕ್ಕೆ ತೆಗೀತಾಳೆ, ನಂಗ್ಯಾಕೆ ತೆಗ್ಯಲ್ಲ?”

“ನಿನ್ ಮೂತಿಗೆ ಯಾರ್ ದಿಷ್ಟಿ ಹಾಕ್ತಾರೆ ಹೋಗೆ,” ಎಂದು ಅಮ್ಮ ನಕ್ಕಳು. ತಮಾಷೆಗೆ ಅಂದಿದ್ದು. ನಾನು ಮಾತ್ರ ಅದನ್ನು ನಂಬಿಬಿಟ್ಟೆ.

ಅಪ್ಪ ಅಜ್ಜಿಯ ತದ್ವಿರುದ್ಧ. ಕೋಲಾರಕ್ಕೆ ಹೋದರೆ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದಿಕೊಂಡು ಬರುವ ಮನುಷ್ಯ. ಹುಳು ಎಷ್ಟೇ ಚೆನ್ನಾಗಿದ್ದರೂ ಹತ್ತು ಜನಕ್ಕೆ ಗೊತ್ತಾಗದಿದ್ದರೆ ಏನು ಉಪಯೋಗ ಎನ್ನುವುದು ಅವನ ವಾದ. ಇನ್ನೊಂದು ಕೋಣೆ ಕಟ್ಟಬೇಕು, ವಕ್ಕಲೇರಿ, ಮಾಲೂರು, ಶ್ರೀನಿವಾಸಪುರದ ತನಕ ನಮ್ಮ ತಟ್ಟೆ ಹೋಗಬೇಕು ಎಂದು ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದ. ಅಜ್ಜಿ ಮುದ್ದೆ ಮುರಿಯುತ್ತ ಕೇಳಿಸಿಕೊಳ್ಳುತ್ತಿದ್ದಳು.

“ಇರೋ ಕೋಣೇನ ಕಾಯೋಕೆ ನಿದ್ದೆ ಇಲ್ಲ ನಂಗೆ. ಇನ್ನೊಂದು ಕಟ್ಟಿ ಯಾರ್ ಕೈಲಿ ಕಾಯಿಸ್ತೀಯ, ನಿಮ್ಮಪ್ಪನ ಕೈಲಾ?”

“ಬೆಳೀಬೇಕಲ್ಲಮ್ಮಾ. ಇದ್ದಂಗೇ ಇದ್ರೆ ನಾಳೆ ಇನ್ಯಾರೋ ಚಾಕಿ ಶುರು ಮಾಡ್ತಾರೆ. ಆಗ ಏನ್ ಮಾಡ್ತೀಯ?”

“ಅವ್ರೂ ಬದುಕ್ಲಿ ಬಿಡೋ. ಮೊದ್ಲು ಉಣ್ಣು.”

ಒಂದು ದಿನ ಅಪ್ಪ ಕೋಲಾರದಿಂದ ಬಸ್ಸಿನ ಮೇಲೆ ತಗಡಿನ ಬೋರ್ಡು ಹಾಕಿಸಿಕೊಂಡು ಬಂದ. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ. ‘ಇಲ್ಲಿ ಉತ್ತಮ ಚಾಕಿ ಹುಳು ದೊರೆಯುತ್ತದೆ.’ ಬಸ್ಸು ನಿಲ್ಲುವ ಕಡೆಯ ಬೇವಿನ ಮರಕ್ಕೆ ಹೊಡೆದು, ದಾರಿಯ ಆಚೆ ನಿಂತು ಬಹಳ ಹೊತ್ತು ನೋಡಿದ. ಓದು ಬಾರದ ಅಜ್ಜಿ ಸಾಯಂಕಾಲ ನನ್ನನ್ನು ಕರೆದುಕೊಂಡು ಹೋಗಿ ಒಂದೊಂದು ಮಾತಿನ ಮೇಲೂ ಕೋಲು ಇಟ್ಟು ಇದೇನು, ಇದೇನು ಎಂದು ಕೇಳಿದಳು. ನಾನು ಶಾಲೆಯ ರಾಗದಲ್ಲಿ ಓದಿದೆ.

“ಉತ್ತಮ ಅಂದ್ರೇನೇ?”

“ಬೋ ಚೆನ್ನಾಗಿರೋದು ಅಂತ ಅಜ್ಜಿ.”

ಅಜ್ಜಿಯ ಕೋಲು ಅಲ್ಲೇ ನಿಂತಿತು. “ವದ್ದುರಾ ನಾಯನಾ, ವದ್ದು,” ಎಂದು ತೆಲುಗಿನಲ್ಲಿ, ಅಲ್ಲಿಲ್ಲದ ಮಗನಿಗೆ ಬೇಡಪ್ಪ ಬೇಡ ಎಂದು ಹೇಳತೊಡಗಿದಳು. ಮಾರನೆಯ ದಿನ ಬೆಳಗ್ಗೆ ನೋಡಿದರೆ ಬೋರ್ಡಿನ ಉಳಿದ ಅಕ್ಷರಗಳು ಹಾಗೇ ಇದ್ದವು, ‘ಉತ್ತಮ’ದ ಮೇಲೆ ಮಾತ್ರ ಪಾತ್ರೆಯ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ದಪ್ಪಗೆ ಬಳಿದಿತ್ತು. ಅಪ್ಪ ಹಳೆಯ ಬಟ್ಟೆ ಹಿಡಿದು ಹೋಗಿ ತಿಕ್ಕಿದ. ತಿಕ್ಕಿದಷ್ಟೂ ಮಸಿ ಹರಡಿತೇ ಹೊರತು ಹೋಗಲಿಲ್ಲ. ಆಮೇಲೆ ಬೋರ್ಡನ್ನೇ ಕಿತ್ತು ತಂದ, ಆದರೆ ಅಷ್ಟರಲ್ಲಿ ಬಸ್ಸಿನಲ್ಲಿ ಹೋಗುವವರೆಲ್ಲ ನೋಡಿಯಾಗಿತ್ತು.

ನಮ್ಮೂರಿನವರಿಗೆ ಅಜ್ಜಿಯ ಸ್ವಭಾವ ಗೊತ್ತು, ನಕ್ಕು ಸುಮ್ಮನಾದರು. ದೂರದವರಿಗೆ ಗೊತ್ತಿರಲಿಲ್ಲ. ಆ ಮನೆಯ ಹುಳು ಚೆನ್ನಾಗಿಲ್ಲ ಎಂದು ಆ ಮನೆಯವರೇ ಬೋರ್ಡಿನಲ್ಲಿ ಅಳಿಸಿದ್ದಾರೆ ಎಂದು ಸಂತೆಯಲ್ಲಿ ಮಾತು ಹೊರಟಿತು. ಮುಂದಿನ ಸಂತೆಯ ಹೊತ್ತಿಗೆ ಆ ಮಾತಿಗೆ ಕೈಕಾಲು ಬಂದಿತ್ತು. ಅಲ್ಲಿ ಹಾಲು ರೋಗ ಹೊಕ್ಕಿದೆಯಂತೆ, ಅದಕ್ಕೇ ಯಾರನ್ನೂ ಕೋಣೆಗೆ ಬಿಡುವುದಿಲ್ಲವಂತೆ. ಹಾಲು ರೋಗವೆಂದರೆ ಹುಳು ಊದಿಕೊಂಡು ಮೈ ಒಡೆದು ಹಾಲಿನಂಥ ನೀರು ಸುರಿಸಿ ಸಾಯುವುದು. ಒಂದಕ್ಕೆ ಬಂದರೆ ತಟ್ಟೆಗೆ, ತಟ್ಟೆಗೆ ಬಂದರೆ ಕೋಣೆಗೆ. ಆ ಹೆಸರನ್ನು ಕೇಳಿದ ಮೇಲೆ ಯಾವ ರೈತ ತಾನೇ ಬಂದಾನು.

ವಕ್ಕಲೇರಿ ಕಡೆಯ ಚೌಡಪ್ಪ ಬಂದ. ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ದೊಡ್ಡ ರೈತ ಅವನೇ. ಅವನು ಒಯ್ದರೆ ಅವನ ಊರಿನವರೆಲ್ಲ ಒಯ್ಯುತ್ತಿದ್ದರು. ಜಗಲಿಯಲ್ಲಿ ಕೂತು ನೀರು ಕುಡಿದು, ಚೆಂಬು ಕೆಳಗಿಟ್ಟು ಹೇಳಿದ.

“ದೊಡ್ಡಮ್ಮ, ನಂಗೆ ನಿಮ್ ಮೇಲೆ ಅನುಮಾನ ಇಲ್ಲ. ಆದ್ರೆ ಊರಿನೋರ ಬಾಯಿ ಮುಚ್ಚಿಸ್ಬೇಕಲ್ಲ. ಒಂದ್ಸಲ ಕೋಣೆ ಒಳಕ್ಕೆ ಬಿಡಿ, ನೋಡ್ಕೊಂಡು ಹೋಗ್ತೀನಿ.”

ಅಪ್ಪ ಎದ್ದೇ ಬಿಟ್ಟ, ಗೋಣಿತಾಟು ಸರಿಸಲು. ಅಜ್ಜಿ ಬಾಗಿಲಿಗೆ ಅಡ್ಡ ಕೂತಳು.

“ಎಷ್ಟು ಮನೆ ಹುಳ ನೋಡ್ಕೊಂಡು ಬಂದಿದ್ದೀಯಪ್ಪ ಇವತ್ತು? ನಿನ್ ಪಂಚೇಲಿ ಏನೈತೋ ನಿಂಗೇ ಗೊತ್ತಿಲ್ಲ. ನೀನು ನೋಡ್ಕೊಂಡು ಹೋಗ್ತೀಯ, ಅವು ಉಳೀತವಾ?”

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವನು ಕೇಳಿದ್ದರಲ್ಲೂ ತಪ್ಪಿರಲಿಲ್ಲ. ಬಾಗಿಲು ತೆರೆದರೆ ಹುಳು ಹೋಗುತ್ತದೆ, ಮುಚ್ಚಿದರೆ ಗಿರಾಕಿ ಹೋಗುತ್ತಾನೆ. ನಮ್ಮ ಕಸುಬಿನ ಕಷ್ಟವೆಲ್ಲ ಆ ಗೋಣಿತಾಟಿನ ಮೇಲೆ ನಿಂತಿತ್ತು. ಚೌಡಪ್ಪ ಕೈಮುಗಿದು, ಈ ಬೆಳೆಗೆ ಬೇಡ ಬಿಡಿ ಎಂದು ಹೊರಟುಹೋದ. ಅವನ ಊರಿನವರು ಯಾರೂ ಬರಲಿಲ್ಲ. ಅವರು ತಂದುಹಾಕಿದ್ದ ಮೊಟ್ಟೆಯಿಂದ ಆಗಲೇ ಒಡೆದ ಮರಿಗಳಿಗೆ ಅಮ್ಮ ಸೊಪ್ಪು ಹೆಚ್ಚುತ್ತಲೇ ಇದ್ದಳು, ಅವು ಮೇಯುತ್ತಲೇ ಇದ್ದವು, ಯಾರಿಗಾಗಿ ಎನ್ನುವುದು ಗೊತ್ತಿರಲಿಲ್ಲ. ಅಪ್ಪ ಅಜ್ಜಿ ಮಾತು ಬಿಟ್ಟರು. ಇಬ್ಬರ ನಡುವೆ ಮುದ್ದೆ ಬೇಕೇ ಬೇಡವೇ ಎನ್ನುವುದನ್ನೂ ನಾನು ಸಾಗಿಸಬೇಕಾಯಿತು. ಅಪ್ಪ ಒಂದು ದಿನ ಮಾಲೂರಿಗೆ ಹೋಗಿ ಬಂದು, ಹೆಂಚಿನ ಕಾರ್ಖಾನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ ಇದೆಯಂತೆ ಎಂದು ಗೋಡೆಗೆ ಹೇಳಿದ. ನನಗೆ ಹೊಟ್ಟೆನೋವು ಶುರುವಾಯಿತು. ಸುಳ್ಳು ನೋವಲ್ಲ, ನಿಜವಾಗಿಯೂ ಬರುತ್ತಿತ್ತು. ನಮ್ಮನ್ನೆಲ್ಲ ಕಾರ್ಖಾನೆಯ ಕೆಂಪು ಧೂಳಿನ ಅಂಗಳಕ್ಕೆ ಸಾಗಿಸಿಬಿಡುತ್ತಾರೆ, ಅಜ್ಜಿ ಖಾಲಿ ಕೋಣೆಯ ಬಾಗಿಲಲ್ಲಿ ಕೂತೇ ಇರುತ್ತಾಳೆ ಎಂದು ಶಾಲೆಯಲ್ಲಿ ಕೂತರೂ ಅದೇ ಕಣ್ಣ ಮುಂದೆ.

ದಾರಿ ತೋರಿಸಿದವಳು ಅಮ್ಮ. ಅಮ್ಮ ಅಜ್ಜಿಗೆ ಎದುರು ಮಾತಾಡಿದವಳೇ ಅಲ್ಲ, ಅವತ್ತೂ ಆಡಲಿಲ್ಲ. ಸೊಪ್ಪು ಹೆಚ್ಚುತ್ತ, ಈಳಿಗೆಮಣೆಯಿಂದ ತಲೆ ಎತ್ತದೆ ಕೇಳಿದಳು.

“ಅತ್ತೆ, ಬದನೆ ತೋಟದಾಗೆ ಮಡಕೆಗೆ ಸುಣ್ಣದ ಬೊಟ್ಟಿಟ್ಟು ಯಾಕೆ ನಿಲ್ಲಿಸ್ತೀರ?”

“ನೋಡೋರ ಕಣ್ಣು ಅದ್ರ ಮೇಲೆ ಬೀಳ್ಲಿ ಅಂತ.”

“ಹಂಗಾದ್ರೆ ಇದೇ ಬೆಳೇಲಿ ಒಂದು ತಟ್ಟೆ ತೆಗ್ದು ಜಗಲೀಲಿ ಇಡಾನ. ಗೂಡು ಕಟ್ಟೋವರ್ಗೂ ಅಲ್ಲೇ ಇರ್ಲಿ. ನೋಡೋರು ಅದನ್ನ ನೋಡ್ಲಿ, ಮುಟ್ಲಿ, ಹೊಗಳ್ಲಿ. ಬೀಳೋ ಕಣ್ಣೆಲ್ಲ ಅದ್ರ ಮೇಲೇ ಬೀಳ್ತದೆ. ಒಳಗಿರೋವು ತಣ್ಣಗಿರ್ತವೆ.”

ಅಜ್ಜಿ ಎದ್ದು ಸುಣ್ಣದ ಡಬ್ಬಿ, ಪಾತ್ರೆಯ ಮಸಿ ತಂದು, ಒಂದು ಬಿದಿರಿನ ತಟ್ಟೆಯ ಅಂಚಿಗೆ ಮಸಿಯ ಬೊಟ್ಟು, ಅದರ ಪಕ್ಕಕ್ಕೆ ಸುಣ್ಣದ ಬೊಟ್ಟು ಇಟ್ಟಳು. ಅಪ್ಪ ಅದನ್ನು ಮಾದರಿ ತಟ್ಟೆ ಎಂದ, ಅಜ್ಜಿ ದಿಷ್ಟಿ ತಟ್ಟೆ ಎಂದಳು. ಇಬ್ಬರೂ ಒಂದೇ ವಸ್ತುವನ್ನು ಒಪ್ಪಿಕೊಂಡಿದ್ದು ನನಗೆ ನೆನಪಿರುವಂತೆ ಅದೇ ಮೊದಲು. ಜಗಲಿಯ ತಟ್ಟೆ ಮುಟ್ಟಿದವರು ಕೋಣೆಗೆ ಹೋಗುವಂತಿಲ್ಲ, ಹಾಗಾಗಿ ಅದನ್ನು ಸಾಕುವ ಕೆಲಸ ನನ್ನ ಪಾಲಿಗೆ ಬಂತು. ಶಾಲೆಯಿಂದ ಬಂದವಳೇ ಚೀಲ ಎಸೆದು ಜಗಲಿಗೆ ಹೋಗುತ್ತಿದ್ದೆ. ಇರುವೆ ಹತ್ತದ ಹಾಗೆ ತಟ್ಟೆ ಇಟ್ಟ ಅಟ್ಟಣಿಗೆಯ ಕಾಲುಗಳ ಕೆಳಗೆ ನೀರಿನ ಬಟ್ಟಲು, ಮೇಲೆ ಅಮ್ಮನ ಹಳೆಯ ಸೀರೆಯ ಪರದೆ. ಹುಳುವಿನ ಮೈ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ನಮ್ಮ ಕಡೆಗೆ ಇನ್ನೂ ಬಂದಿರದ ಕಾಲ ಅದು, ಆದರೂ ಹಲ್ಲಿಗೆ, ಇಲಿಗೆ, ಕೋಳಿಗೆ ಹೆದರಬೇಕಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಜನಕ್ಕೆ ಹೆದರಬೇಕಿತ್ತು. ಅವರು ಬಂದು ಪರದೆ ಎತ್ತಿ ನೋಡುತ್ತಿದ್ದರು, ಹುಳುವನ್ನು ಬೆರಳ ಮೇಲೆ ಹತ್ತಿಸಿಕೊಳ್ಳುತ್ತಿದ್ದರು, ಹುಡುಗಿ ಕೈಲಿ ಕೊಟ್ಟವ್ರೆ ನೋಡು ಎಂದು ನಗುತ್ತಿದ್ದರು. ಆ ಒಂದು ತಟ್ಟೆ ಕೆಟ್ಟರೆ ಒಳಗಿನ ಅಷ್ಟೂ ತಟ್ಟೆ ಕೆಟ್ಟ ಹಾಗೇ ಲೆಕ್ಕ. ಮೂರನೇ ಜ್ವರಕ್ಕೆ ಹುಳುಗಳು ತಲೆಯೆತ್ತಿ ಅಲುಗಾಡದೆ ನಿಂತಾಗ ಸತ್ತೇ ಹೋದವೆಂದು ಅತ್ತುಬಿಟ್ಟಿದ್ದೆ. ಪೊರೆ ಬಿಟ್ಟು ಮತ್ತೆ ಸೊಪ್ಪಿಗೆ ಬಾಯಿ ಹಾಕಿದ ಮೇಲೂ ನನಗೆ ನೆಮ್ಮದಿ ಬರಲಿಲ್ಲ.

ನೋಡಿ ಹೋದವರಲ್ಲಿ ಅಕ್ಕಪಕ್ಕದ ಊರಿನವರು ಕೆಲವರು ಒಳಗಿನ ತಟ್ಟೆಗಳನ್ನು ಒಯ್ದರು. ವಕ್ಕಲೇರಿಯವರು ಬರಲಿಲ್ಲ. ಚೌಡಪ್ಪ ಬಂದದ್ದು ಹುಳುಗಳು ಇನ್ನೇನು ಹಣ್ಣಾಗಿ ಗೂಡಿಗೆ ಹತ್ತುವ ಹೊತ್ತಿನಲ್ಲಿ. ಜೊತೆಗೆ ಅವನ ಊರಿನ ಇಬ್ಬರು. ಅವರು ದಾರಿಯ ತಿರುವಿನಲ್ಲಿ ಕಾಣಿಸಿದಾಗಲೇ ನಾನು ಸೊಪ್ಪು ಹಾಕಲು ಪರದೆ ಎತ್ತಿದ್ದೆ. ತಟ್ಟೆಯ ಅಂಚಿನಲ್ಲಿ ಒಂದು ಹುಳು ಮೇವು ಬಿಟ್ಟು ಸುಮ್ಮನೆ ಅತ್ತಿಂದಿತ್ತ ಅಲೆಯುತ್ತಿತ್ತು. ಮೈ ಊದಿ, ಗೆಣ್ಣು ಗೆಣ್ಣು ಎದ್ದು, ಹೊಳೆಯುತ್ತಿತ್ತು. ಎತ್ತಿದ ಪರದೆ ಹಿಡಿದುಕೊಂಡೇ ನಿಂತುಬಿಟ್ಟೆ. ಅಪ್ಪನಿಗೆ ನನ್ನ ಮುಖ ನೋಡಿಯೇ ತಿಳಿಯಿತು. ಹತ್ತಿರ ಬಂದು ಪಿಸುಗುಟ್ಟಿದ.

“ತೆಗ್ದು ಲಂಗದಾಗೆ ಹಾಕ್ಕೊಂಡು ಒಳಕ್ಕೆ ಹೋಗು. ಬೇಗ.”

ಅಷ್ಟರಲ್ಲಿ ಅಜ್ಜಿ ಬಂದು ನನ್ನ ಮುಂಗೈ ಹಿಡಿದುಕೊಂಡಿದ್ದಳು. ಚೌಡಪ್ಪ ಮೆಟ್ಟಿಲು ಹತ್ತಿ ಜಗಲಿಗೆ ಬರುವವರೆಗೂ ಬಿಡಲಿಲ್ಲ. ಆಮೇಲೆ ತಾನೇ ಆ ಹುಳುವನ್ನು ಬೆರಳಿನಲ್ಲಿ ಎತ್ತಿ, ಅಂಗೈ ಮೇಲಿಟ್ಟು ಅವನ ಮುಂದೆ ಹಿಡಿದಳು.

“ನೋಡಪ್ಪ. ಇದು ಹಾಲು ರೋಗ. ನೀನು ಕೇಳ್ತಿದ್ದೆಯಲ್ಲ, ಇದೇ.”

ಅಪ್ಪ ಕಣ್ಣು ಮುಚ್ಚಿಕೊಂಡ. ಅಜ್ಜಿ ಮೂಲೆಯಲ್ಲಿದ್ದ ಸುಣ್ಣದ ಗಡಿಗೆಗೆ ಹುಳುವನ್ನು ಹಾಕಿ, ಕೈಯನ್ನು ಸುಣ್ಣದ ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದು, ನನ್ನ ಕೈಯನ್ನೂ ತೊಳೆಸಿದಳು. ಅದು ನಿಂತ ಜಾಗದ ಸೊಪ್ಪನ್ನೂ ಎತ್ತಿ ಹಾಕಿಸಿದಳು. ಆಮೇಲೆ ಅವನ ಕಡೆ ತಿರುಗಿದಳು.

“ಹುಳ ಅಂದ್ಮೇಲೆ ಬಂದೇ ಬರ್ತದೆ. ಒಳಗೂ ಒಂದೊಂದು ಬರ್ತವೆ, ಹಿಂಗೇ ತೆಗೀತೀವಿ. ಇನ್ನುಳಿದಿದ್ದು ಈ ತಟ್ಟೇಲೈತೆ. ಎಷ್ಟೊತ್ತು ಬೇಕಾದ್ರೂ ಕೂತ್ಕೊಂಡು ಹುಡುಕು.”

ಅವನು ನಿಜಕ್ಕೂ ಹುಡುಕಿದ. ಜೊತೆಯವರಿಬ್ಬರೂ ಹುಡುಕಿದರು. ಸೊಪ್ಪನ್ನು ಒಂದು ಕಡೆಯಿಂದ ಎತ್ತಿ, ಕೆಳಗಿನ ಹುಳುಗಳನ್ನು ಬೆರಳಿನಿಂದ ಹೊರಳಿಸಿ, ಬೆಳಕಿಗೆ ಹಿಡಿದು ನೋಡಿದರು. ಅಷ್ಟು ಹೊತ್ತೂ ನಾನು ಕಂಬ ಹಿಡಿದುಕೊಂಡು ನಿಂತಿದ್ದೆ. ಅವರ ಒಂದೊಂದು ಬೆರಳೂ ನನ್ನ ಮೈ ಮೇಲೆ ಆಡಿದ ಹಾಗಿತ್ತು. ಇನ್ನೊಂದು ಸಿಕ್ಕಿತು. ಚೌಡಪ್ಪ ಅದನ್ನು ಎತ್ತಿ ತಾನೇ ಸುಣ್ಣದ ಗಡಿಗೆಗೆ ಹಾಕಿ, ತಾನೇ ಹೋಗಿ ಕೈ ತೊಳೆದುಕೊಂಡು ಬಂದ. ಆಮೇಲೆ ಸಿಗಲಿಲ್ಲ. ಅಪ್ಪ ತಡೆಯಲಾರದೆ ಅಜ್ಜಿಯ ಕಿವಿಯ ಹತ್ತಿರ ಗೊಣಗಿದ.

“ಇಷ್ಟು ದಿನ ಒಂದು ಒಳ್ಳೆ ಮಾತಾಡ್ಲಿಲ್ಲ. ಇವತ್ತು ರೋಗ ಎತ್ತಿ ತೋರಿಸ್ದೆ.”

“ಹೊಗಳ್ಬೇಡ ಅಂದೆ ಕಣ್ಲಾ. ಸುಳ್ಳು ಹೇಳು ಅಂದ್ನಾ?”

ಚೌಡಪ್ಪನಿಗೆ ಅದು ಕೇಳಿಸಿತು. ಅವನು ನಕ್ಕ. ಪಂಚೆ ಕೊಡವಿಕೊಂಡು ಎದ್ದು, ಬರುವ ಬೆಳೆಗೆ ಮೊಟ್ಟೆ ತಂದು ಹಾಕುತ್ತೇನೆ, ಇವರಿಬ್ಬರೂ ತರುತ್ತಾರೆ ಎಂದ. ಕೋಣೆಯ ಕಡೆಗೆ ನೋಡಲೂ ಇಲ್ಲ. ಮೆಟ್ಟಿಲು ಇಳಿಯುವವನು ಮತ್ತೆ ತಿರುಗಿ ನಿಂತ.

“ಇದನ್ನ ಸಾಕಿದ್ದು ಯಾರು ದೊಡ್ಡಮ್ಮ? ಜಗಲೀಲಿ, ಇಷ್ಟು ಜನದ ಕೈಯಾಗೆ ಉಳ್ಸಿರೋದು ಸುಮ್ನೆ ಅಲ್ಲ. ಈ ಹುಡ್ಗೀನಾ?”

ಅಜ್ಜಿ ನನ್ನ ಕಡೆ ನೋಡಲಿಲ್ಲ. ತಟ್ಟೆಯ ಪರದೆಯನ್ನು ಎಳೆದು ಸರಿಮಾಡುತ್ತ, ಅಂಥ ದೊಡ್ಡ ವಿಷಯವೇನಲ್ಲ ಎನ್ನುವ ದನಿಯಲ್ಲಿ ಹೇಳಿದಳು.

“ಹೂಂ. ಏನೋಪ್ಪ, ಜೀವ ಹಿಡ್ಕೊಂಡವ್ಳೆ.”

ಅವರು ಹೋದ ಮೇಲೆ ಅಪ್ಪ ದಾರಿಗೆ ಇಳಿದು ಬಸ್ಸಿನವರೆಗೂ ಅವರ ಜೊತೆ ನಡೆದ. ಆ ತಟ್ಟೆಯ ಹುಳುಗಳು ಗೂಡು ಕಟ್ಟಿದವು. ಆಮೇಲೆ ಪ್ರತಿ ಬೆಳೆಗೂ ಒಂದು ತಟ್ಟೆ ಜಗಲಿಗೆ ಬಂತು, ಎರಡನೇ ಕೋಣೆಯನ್ನೂ ಕಟ್ಟಿದೆವು, ಬೋರ್ಡನ್ನು ಮಾತ್ರ ಮತ್ತೆ ಬರೆಸಲಿಲ್ಲ. ಆ ತಗಡು ಹಿತ್ತಲಿನ ಬಚ್ಚಲಿಗೆ ಮರೆಯಾಗಿ ನಿಂತುಕೊಂಡಿತು, ಮಸಿ ಬಳಿದ ಜಾಗ ಸಹಿತ. ಆದರೆ ನಾನು ನೆನೆಸಿಕೊಳ್ಳುವುದು ಇದೊಂದನ್ನೂ ಅಲ್ಲ, ಚೌಡಪ್ಪ ಬಂದುಹೋದ ಆ ಸಾಯಂಕಾಲವನ್ನು. ಅಮ್ಮ ದೀಪ ಹಚ್ಚುತ್ತಿದ್ದಳು. ಅಜ್ಜಿ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದಳು. ಮತ್ತೇನು ತಪ್ಪು ಮಾಡಿದೆನೋ ಎಂದು ಹೆದರಿಕೊಂಡೇ ಹೋದೆ. ಅಲ್ಲಿ ಮಣೆ ಹಾಕಿತ್ತು, ಪಕ್ಕದಲ್ಲಿ ಚೊಂಬಿನ ತುಂಬ ನೀರು. ಕೂತ್ಕೊ ಎಂದಳು. ಅವಳ ಮುಷ್ಟಿಯೊಳಗೆ ಉಪ್ಪಿತ್ತು.